ಕಾರಿನ ಸಾಕೆಟ್ಟು ಕೈಕೊಟ್ಟಾಗ



ಮಿಕ್ಸಿ, ಗೀಸರು, ಗ್ರೈಂಡರುಗಳ ಪತ್ರಗಳ ನಡುವೆ ಈ ಸಲ ಕಾರಿನ ವಿಷಯವಾಗಿ ಒಂದು ಪತ್ರ ಬಂದಿದೆ. "ಇದು ಗಂಡಸರ ವಿಷಯ, ನಿಮ್ಮ ಅಂಕಣದಲ್ಲಿ ಕೇಳಬಹುದೋ ಇಲ್ಲವೋ" ಎಂದು ಸಂಕೋಚದಿಂದಲೇ ಶುರು ಮಾಡಿದ್ದಾರೆ. ಆ ಕಾರಿನಲ್ಲಿ ಕೂರುವವರು ನಾವೂ ಹೌದು, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋಗುವವರೂ ನಾವೇ. ಹಾಗಿರುವಾಗ ಧಾರಾಳವಾಗಿ ಕೇಳಬಹುದು.

ಪತ್ರ ಬಂದಿರುವುದು ಮಲೆನಾಡಿನ ಸಣ್ಣ ಊರೊಂದರಿಂದ. ಬರೆದವರ ಅತ್ತೆಯವರಿಗೆ ಬಹಳ ವರ್ಷಗಳ ಉಬ್ಬಸ. ತಿಂಗಳಿಗೊಮ್ಮೆ ಘಟ್ಟ ಇಳಿದು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಉಸಿರು ಕಟ್ಟಿದರೆ ಇರಲಿ ಎಂದು ಮನೆಯ ನೆಬುಲೈಸರನ್ನೇ ಕಾರಿನಲ್ಲಿಟ್ಟು, ಒಂದು ಪುಟ್ಟ ಇನ್ವರ್ಟರಿನ ಮೂಲಕ ಕಾರಿನ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಅದೇ ಸಾಕೆಟ್ಟಿನಿಂದಲೇ ಫೋನಿಗೂ ಚಾರ್ಜು. ಹೋದ ತಿಂಗಳು ಸಾಕೆಟ್ಟು ಇದ್ದಕ್ಕಿದ್ದಂತೆ ನಿಂತುಹೋಯಿತು. ಯಜಮಾನರ ಸ್ನೇಹಿತರೊಬ್ಬರು ಬಂದು ನೋಡಿ, ಸುಟ್ಟುಹೋಗಿದ್ದ ಫ್ಯೂಸಿನ ಎರಡು ಕಾಲುಗಳಿಗೂ ತಾಮ್ರದ ತಂತಿಯ ಎಳೆ ಸುತ್ತಿ, "ನೋಡಿ ಅತ್ತಿಗೆ, ಐದು ಪೈಸೆ ಖರ್ಚಿಲ್ಲದೆ ರಿಪೇರಿ" ಎಂದು ಹೇಳಿ ಕಾಫಿ ಕುಡಿದು ಹೋದರು.

"ಸಾಕೆಟ್ಟು ಈಗ ನಡೀತಿದೆ ಅಕ್ಕ. ಆದರೆ ಪ್ಲಗ್ಗು ಮುಟ್ಟಿದರೆ ಕೈ ಸುಡುತ್ತೆ. ಮೊನ್ನೆ ರಬ್ಬರು ಸುಟ್ಟ ವಾಸನೆಯೂ ಬಂತು. ಹೇಳಿದರೆ, ಹನ್ನೆರಡೇ ವೋಲ್ಟು, ಶಾಕ್ ಕೂಡ ಹೊಡೆಯಲ್ಲ, ನೀನು ಸುಮ್ಮನಿರು ಅಂತಾರೆ. ನಾನು ಸುಮ್ಮನಿರಲೇ?"

ಸುಮ್ಮನಿರಬೇಡಿ. ಈ ಪುಟ ಓದಿ ಮುಗಿಸುವ ಮೊದಲೇ ಹೋಗಿ ಆ ತಂತಿ ಸುತ್ತಿದ ಫ್ಯೂಸನ್ನು ತೆಗೆಸಿಬಿಡಿ. ಎಂಜಿನ್ ಆರಿಸಿ, ಕೀಲಿ ಹೊರಗೆ ತೆಗೆದು, ಆಮೇಲೆ ಫ್ಯೂಸು ಕೀಳಿ. ಆ ಜಾಗ ಖಾಲಿ ಇದ್ದರೆ ಸಾಕೆಟ್ಟೊಂದು ನಡೆಯುವುದಿಲ್ಲ, ಕೆಲವು ಕಾರುಗಳಲ್ಲಿ ಅದರ ಜೊತೆಗೆ ರೇಡಿಯೋ ನಿಲ್ಲಬಹುದು. ಕಾರು ಓಡುವುದಕ್ಕೆ ಅಡ್ಡಿಯಿಲ್ಲ. ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಎಂಬುದನ್ನು ಈಗ ಸಾವಕಾಶವಾಗಿ ಹೇಳುತ್ತೇನೆ.

ಫ್ಯೂಸು ಎಂದರೆ ಕುಕ್ಕರಿನ ಸೇಫ್ಟಿ ವಾಲ್ವು

ಪ್ರೆಷರ್ ಕುಕ್ಕರಿನ ಮುಚ್ಚಳದ ಮೇಲಿರುವ ಸೇಫ್ಟಿ ವಾಲ್ವು ನಿಮಗೆಲ್ಲ ಗೊತ್ತು. ನೀರು ಬತ್ತಿ ಕುಕ್ಕರು ಕಾದಾಗ, ಇಲ್ಲವೇ ವೆಯ್ಟು ಕೂರಿಸುವ ನಳಿಗೆಯಲ್ಲಿ ಅನ್ನದ ಅಗುಳು ಸಿಕ್ಕಿ ಹಬೆ ಹೊರಗೆ ಹೋಗದಾಗ, ಅದು ಕರಗಿಯೋ ಹಾರಿಯೋ ದಾರಿ ಬಿಡುತ್ತದೆ. ಅಡಿಗೆಮನೆ ಉಳಿಯುತ್ತದೆ. ವಾಲ್ವು ಹೋಯಿತೆಂದು ಆ ತೂತಿಗೆ ಒಂದು ರೂಪಾಯಿ ನಾಣ್ಯ ಬಡಿದು ಕೂರಿಸಿ ಮತ್ತೆ ಬೇಳೆಗೆ ಇಡುವ ಗೃಹಿಣಿ ನಮ್ಮಲ್ಲಿ ಒಬ್ಬರೂ ಇರಲಾರರು. ಹೊಸ ವಾಲ್ವು ತರುತ್ತೇವೆ, ಅದೂ ಅದೇ ಕಂಪನಿಯದನ್ನೇ ಕೇಳಿ ತರುತ್ತೇವೆ. ಜೊತೆಗೆ ನೀರು ಯಾಕೆ ಬತ್ತಿತು, ನಳಿಗೆ ಕಟ್ಟಿದೆಯೇ ಎಂದೂ ನೋಡುತ್ತೇವೆ.

ಫ್ಯೂಸಿನ ಕೆಲಸವೂ ಅಷ್ಟೇ. ವೈರು ತಡೆಯುವುದಕ್ಕಿಂತ ಹೆಚ್ಚು ಕರೆಂಟು ಹರಿದರೆ ಫ್ಯೂಸಿನೊಳಗಿನ ತೆಳ್ಳನೆಯ ಪಟ್ಟಿ ಮೊದಲು ಕರಗಿ ದಾರಿ ಕಡಿಯುತ್ತದೆ, ವೈರು ಉಳಿಯುತ್ತದೆ. ಹಳೆಯ ಮನೆಗಳ ಮೀಟರ್ ಬೋರ್ಡಿನಲ್ಲಿ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿಗೆ ತಂತಿ ಕಟ್ಟುವುದನ್ನು ನೀವು ನೋಡಿರುತ್ತೀರಿ. ಅಲ್ಲಿಯೂ ಫ್ಯೂಸ್ ವೈರೆಂದೇ ಬೇರೆ ತಂತಿ ಬರುತ್ತಿತ್ತು. ಸಿಕ್ಕ ತಾಮ್ರದ ತಂತಿ ಕಟ್ಟಿದ ಮನೆಗಳಲ್ಲಿ ಬೋರ್ಡು ಕಪ್ಪಾಗುತ್ತಿದ್ದದ್ದೂ ನಿಮಗೆ ಗೊತ್ತು.

ಈಗ ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರ ಕೂತರೆ ಕರಗುವ ಸರದಿ ವೈರಿನದು. ಕಾರಿನ ವೈರು ಡ್ಯಾಶ್‌ಬೋರ್ಡಿನ ಹಿಂದೆ, ಪ್ಲಾಸ್ಟಿಕ್ಕು, ಸ್ಪಂಜು, ಕಾರ್ಪೆಟ್ಟುಗಳ ನಡುವೆ ಕಣ್ಣಿಗೆ ಕಾಣದೆ ಹಾದುಹೋಗಿರುತ್ತದೆ. ಅದು ಕಾದರೆ ಮೊದಲು ಗೊತ್ತಾಗುವುದು ಮೂಗಿಗೆ. ನಮ್ಮ ಸೋದರಿಯ ಮೂಗಿಗೆ ಆಗಲೇ ಗೊತ್ತಾಗಿದೆ.

"ಹನ್ನೆರಡೇ ವೋಲ್ಟು" ಎಂಬ ಮಾತು ಅರ್ಧ ನಿಜ. ಹನ್ನೆರಡು ವೋಲ್ಟು ಮೈಗೆ ಶಾಕ್ ಕೊಡುವುದಿಲ್ಲ. ಆದರೆ ಇದೇ ಬ್ಯಾಟರಿ ಕಾರು ಸ್ಟಾರ್ಟ್ ಮಾಡುವಾಗ ನೂರು ಆಂಪಿಯರಿಗಿಂತ ಹೆಚ್ಚು ಕರೆಂಟು ಕೊಡುತ್ತದೆ. ಅಷ್ಟು ಕರೆಂಟು ಸಣ್ಣ ವೈರಿನಲ್ಲಿ ಹರಿದರೆ ವೈರು ಕೆಂಪಗೆ ಕಾಯುತ್ತದೆ. ಬಾನೆಟ್ಟಿನೊಳಗೆ ಕೈ ಹಾಕುವ ಮೊದಲು ಚಿನ್ನದ ಬಳೆ, ಉಂಗುರ, ವಾಚುಗಳನ್ನು ತೆಗೆದಿಡಬೇಕು ಎಂದು ತಿಳಿದವರು ಹೇಳುವುದು ಇದಕ್ಕೇ. ಬಳೆ ಬ್ಯಾಟರಿಯ ಎರಡು ಕಡೆಗೂ ತಾಗಿದರೆ ಶಾಕ್ ಹೊಡೆಯದು, ಆದರೆ ಬಳೆಯೇ ಕಾದು ಮಣಿಕಟ್ಟು ಸುಡುತ್ತದೆ.

ಈ ಸಾಕೆಟ್ಟು ಮೊದಲು ಯಾತಕ್ಕಿತ್ತು?

ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಹತ್ತಿರ ಹೆಬ್ಬೆರಳು ಹೋಗುವಷ್ಟು ದುಂಡನೆಯ ತೂತಿದೆಯಲ್ಲ, ಅದು ಹುಟ್ಟಿದ್ದು ಸಿಗರೇಟು ಹಚ್ಚುವುದಕ್ಕೆ. ಹೊರದೇಶದ ಕಾರುಗಳಲ್ಲಿ 1920ರ ದಶಕದಿಂದಲೇ ಇದೆ. ನಮ್ಮ ದೇಶಕ್ಕೆ 1995ರಲ್ಲಿ ಮೊಬೈಲ್ ಫೋನು ಬಂದು, ಆಮೇಲೆ ಎಲ್ಲರ ಕೈ ಸೇರಿದ ಮೇಲೆ ಅದು ಚಾರ್ಜರಿನ ತೂತಾಯಿತು. ಈಗಿನ ಕಾರುಗಳಲ್ಲಿ ಸಿಗರೇಟು ಹಚ್ಚುವ ಗುಂಡಿ ಸಾಮಾನ್ಯವಾಗಿ ಇರುವುದಿಲ್ಲ, ಮುಚ್ಚಳವೊಂದೇ ಇರುತ್ತದೆ.

ತೂತಿನ ತಳದಲ್ಲಿ ನಡುವೆ ಒಂದು ಸಣ್ಣ ಗುಬುಟು, ಅದು ಪ್ಲಸ್. ಸುತ್ತಲಿನ ಲೋಹದ ಗೋಡೆ ಮೈನಸ್. ಚಾರ್ಜರಿನ ತುದಿ ಗುಬುಟನ್ನು ಮುಟ್ಟಬೇಕು, ಅದರ ಪಕ್ಕದ ಎರಡು ಕಿವಿಗಳು ಗೋಡೆಯನ್ನು ಒತ್ತಬೇಕು. ಇಷ್ಟಾದರೆ ಕರೆಂಟು ಬರುತ್ತದೆ. ಎಲ್ಲಿ ತಪ್ಪಿದರೂ ಸಾಕೆಟ್ಟು ಸತ್ತಂತೆ.

ಮೊದಲು ಕೈಗೆ ಎಟುಕುವ ಪರೀಕ್ಷೆಗಳು

ಸಾಕೆಟ್ಟು ನಿಂತ ಕೂಡಲೇ ಫ್ಯೂಸಿಗೆ ಕೈಹಾಕಬೇಡಿ. ಈ ಕೆಳಗಿನವನ್ನು ಕ್ರಮವಾಗಿ ನೋಡಿ. ಎಷ್ಟೋ ಸಲ ಇಲ್ಲಿಯೇ ಕೆಲಸ ಮುಗಿಯುತ್ತದೆ.

ಒಂದು: ಕೀಲಿ ಎಲ್ಲಿದೆ? ಅನೇಕ ಕಾರುಗಳಲ್ಲಿ ಕೀಲಿಯನ್ನು ಒಂದು ಹೆಜ್ಜೆಯಾದರೂ ತಿರುಗಿಸಿದರೆ ಮಾತ್ರ ಸಾಕೆಟ್ಟಿಗೆ ಕರೆಂಟು. ಕೆಲವದರಲ್ಲಿ ಕೀಲಿ ಇಲ್ಲದಿದ್ದರೂ ಇರುತ್ತದೆ. ನಿಮ್ಮ ಕಾರಿನದು ಯಾವ ಬಗೆ ಎಂದು ತಿಳಿದಿಟ್ಟುಕೊಳ್ಳಿ.

ಎರಡು: ದೋಷ ಚಾರ್ಜರಿನದೋ ಸಾಕೆಟ್ಟಿನದೋ? ನಿಮ್ಮ ಚಾರ್ಜರನ್ನು ಪಕ್ಕದ ಮನೆಯವರ ಕಾರಿನಲ್ಲಿ ಹಾಕಿ ನೋಡಿ, ಅವರದನ್ನು ನಿಮ್ಮ ಕಾರಿನಲ್ಲಿ. ಬಲ್ಬು ಹೋದಾಗ ಬೇರೆ ಹೋಲ್ಡರಿಗೆ ಹಾಕಿ ನೋಡುತ್ತೇವಲ್ಲ, ಹಾಗೇ. ಫೋನಿನ ವೈರು ಮುರಿದಿರುವುದೂ ಸಾಮಾನ್ಯ, ಅದನ್ನೂ ಬದಲಾಯಿಸಿ ನೋಡಿ.

ಮೂರು: ಪ್ಲಗ್ಗು ಗಟ್ಟಿಯಾಗಿ ಕೂತಿದೆಯೇ? ಒಳಗೆ ಒತ್ತಿ ಸ್ವಲ್ಪ ತಿರುಗಿಸಿ. ದೀಪ ಮಿನುಗಿ ಆರಿದರೆ ಸಂಪರ್ಕ ಸಡಿಲ. ಹಳ್ಳ ದಿಣ್ಣೆಯ ರಸ್ತೆಯಲ್ಲಿ ಅಲುಗಿ ಅಲುಗಿ ಪ್ಲಗ್ಗು ಮೇಲೆ ಬರುವುದುಂಟು. ನೆನಪಿಡಿ, ಸಡಿಲ ಸಂಪರ್ಕವೂ ಬಿಸಿಯಾಗುತ್ತದೆ. ಎಷ್ಟೋ ಸಲ ಫ್ಯೂಸಿಗೆ ಅದು ತಿಳಿಯುವುದೇ ಇಲ್ಲ. ಹಾಗಾಗಿ ಕೈ ಸುಡುವ ಪ್ಲಗ್ಗನ್ನು ಯಾವತ್ತೂ ಬಿಟ್ಟಿರಬಾರದು.

ನಾಲ್ಕು: ಕೆಲವು ಪ್ಲಗ್ಗುಗಳ ತುದಿಯ ಟೋಪಿಯನ್ನು ತಿರುಗಿಸಿದರೆ ಬಿಚ್ಚುತ್ತದೆ. ಒಳಗೆ ಒಂದು ಸ್ಪ್ರಿಂಗು, ಒಂದು ಪುಟ್ಟ ಗಾಜಿನ ಫ್ಯೂಸು ಇರುತ್ತದೆ. ಗಾಜಿನೊಳಗಿನ ಎಳೆ ತುಂಡಾಗಿದ್ದರೆ ಕಾರಿನಲ್ಲಿ ಏನೂ ತೊಂದರೆಯಿಲ್ಲ, ಆ ಗಾಜಿನ ಫ್ಯೂಸು ಬದಲಾಯಿಸಿದರೆ ಸಾಕು. ಬಿಚ್ಚುವಾಗ ಮಡಿಲಲ್ಲಿ ಬಟ್ಟೆ ಹಾಸಿಕೊಳ್ಳಿ. ಸ್ಪ್ರಿಂಗು ಹಾರಿ ಸೀಟಿನ ಕೆಳಗೆ ಸೇರಿದರೆ ಹುಡುಕುವುದು ಕಷ್ಟ.

ಐದು: ಕೀಲಿ ತೆಗೆದು, ಟಾರ್ಚು ಹಿಡಿದು ತೂತಿನೊಳಗೆ ನೋಡಿ. ಮಕ್ಕಳು ಹಾಕಿದ ನಾಣ್ಯ, ಮುರಿದ ಹೇರ್‌ಪಿನ್ನು, ಚಾಕಲೇಟಿನ ಬೆಳ್ಳಿ ಕಾಗದ, ಎಲ್ಲವೂ ಅಲ್ಲಿ ಸಿಗುತ್ತವೆ. ಒಂದು ನಾಣ್ಯ ಗುಬುಟಿಗೂ ಗೋಡೆಗೂ ತಾಗಿದರೆ ಕ್ಷಣದಲ್ಲಿ ಫ್ಯೂಸು ಹೋಗುತ್ತದೆ. ಫ್ಯೂಸು ತೆಗೆದ ಮೇಲೆಯೇ, ಅಗರಬತ್ತಿಯ ಕಡ್ಡಿಯಂಥ ಮರದ ಕಡ್ಡಿಯಿಂದ ಅದನ್ನು ಹೊರಗೆ ತೆಗೆಯಿರಿ. ಚಿಮಟ, ಪಿನ್ನು, ಸೂಜಿ ಬೇಡ.

ಫ್ಯೂಸು ಹುಡುಕುವ ಬಗೆ

ಇಷ್ಟರಲ್ಲೂ ಸರಿಹೋಗದಿದ್ದರೆ ಫ್ಯೂಸು ನೋಡಬೇಕು. ಕಾರಿನ ಜೊತೆ ಕೊಟ್ಟ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ವಿಮೆಯ ಕಾಗದಗಳ ಕೆಳಗೆ ಎಲ್ಲೋ ಇರುತ್ತದೆ. ಅದರಲ್ಲಿ ಫ್ಯೂಸುಗಳ ನಕ್ಷೆಯಿದೆ. ಬಹಳ ಕಾರುಗಳಲ್ಲಿ ಫ್ಯೂಸಿನ ಪೆಟ್ಟಿಗೆ ಸ್ಟೀರಿಂಗಿನ ಕೆಳಗೆ, ಡ್ರೈವರಿನ ಮೊಣಕಾಲಿನ ಹತ್ತಿರ ಒಂದು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಇನ್ನೊಂದು ಪೆಟ್ಟಿಗೆ ಬಾನೆಟ್ಟಿನೊಳಗೆ ಬ್ಯಾಟರಿಯ ಪಕ್ಕದಲ್ಲಿ. ನಕ್ಷೆಯಲ್ಲಿ ಸಿಗಾರ್, ಲೈಟರ್, ಪವರ್ ಔಟ್‌ಲೆಟ್, ಆಕ್ಸೆಸರಿ ಸಾಕೆಟ್, ಹೀಗೆ ಯಾವುದಾದರೂ ಒಂದು ಹೆಸರಿರುತ್ತದೆ. ಸಾಲಿನಲ್ಲಿ ಎಷ್ಟನೆಯದು ಎಂದು ಎಣಿಸಿ. ತೆಗೆಯುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಕೀಲಿ ಹೊರಗಿರಲಿ. ಪೆಟ್ಟಿಗೆಯ ಮುಚ್ಚಳದಲ್ಲಿ ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಚಿಮಟ ಸಿಕ್ಕಿಸಿರುತ್ತಾರೆ, ಫ್ಯೂಸು ಕೀಳುವುದಕ್ಕೆಂದೇ ಇರುವುದು ಅದು. ನೇರವಾಗಿ ಎಳೆಯಿರಿ. ಬೆಳಕಿಗೆ ಹಿಡಿದು ನೋಡಿ: ಬಣ್ಣದ ಪ್ಲಾಸ್ಟಿಕ್ಕಿನೊಳಗೆ ಎರಡು ಕಾಲುಗಳ ನಡುವೆ ಒಂದು ಬಾಗಿದ ಪಟ್ಟಿ ಕಾಣುತ್ತದೆ. ಅದು ಅಖಂಡವಾಗಿದ್ದರೆ ಫ್ಯೂಸು ಚೆನ್ನಾಗಿದೆ. ತುಂಡಾಗಿದ್ದರೆ, ಸುತ್ತ ಕಪ್ಪಾಗಿದ್ದರೆ, ಹೋಗಿದೆ ಎಂದರ್ಥ.

ತಲೆಯ ಮೇಲೆ ಅಂಕಿ ಬರೆದಿರುತ್ತದೆ. ಬಣ್ಣಕ್ಕೂ ಲೆಕ್ಕವಿದೆ. ಅಡಿಗೆಮನೆಯ ಡಬ್ಬಿಗೆ ಚೀಟಿ ಅಂಟಿಸುವಂತೆ ಇದನ್ನೂ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಡಿ:

7.5 ಆಂಪಿಯರ್ — ಕಂದು
10 ಆಂಪಿಯರ್ — ಕೆಂಪು
15 ಆಂಪಿಯರ್ — ನೀಲಿ
20 ಆಂಪಿಯರ್ — ಹಳದಿ
25 ಆಂಪಿಯರ್ — ಬಿಳಿ ಅಥವಾ ಬಣ್ಣವಿಲ್ಲದ್ದು
30 ಆಂಪಿಯರ್ — ಹಸಿರು

ನಕ್ಷೆಯಲ್ಲಿ 15 ಎಂದಿದ್ದರೆ ನೀಲಿಯನ್ನೇ ಹಾಕಬೇಕು. ಅಂಗಡಿಯವರು "ನೀಲಿ ಇಲ್ಲ, ಹಸಿರು ಹಾಕ್ಕೊಳ್ಳಿ ಅಮ್ಮಾ, ಇದು ಗಟ್ಟಿ" ಎಂದರೆ ಬೇಡವೆನ್ನಿ. ಆ ಗಟ್ಟಿತನವೇ ಅಪಾಯ. 15 ಆಂಪಿಯರಿಗೆ ಎಳೆದ ವೈರಿಗೆ 30ರ ಫ್ಯೂಸು ಹಾಕಿದರೆ ಕಾವಲುಗಾರ ನಿದ್ದೆ ಮಾಡಿದಂತೆ. ಫ್ಯೂಸಿನ ಬೆಲೆ ಒಂದು ತೆಂಗಿನಕಾಯಿಗಿಂತ ಕಡಿಮೆ. ಪ್ರತಿ ಬಣ್ಣದ್ದೂ ಎರಡೆರಡು ತಂದು, ಹಳೆಯ ಗುಳಿಗೆ ಡಬ್ಬಿಯಲ್ಲಿ ಹಾಕಿ ಕಾರಿನಲ್ಲಿಡಿ.

ಹೊಸ ಫ್ಯೂಸೂ ಹೋದರೆ?

ಇಲ್ಲಿಯೇ ಬಹಳ ಜನ ತಾಳ್ಮೆ ಕಳೆದುಕೊಂಡು ತಂತಿ ಸುತ್ತುವುದು. ಫ್ಯೂಸು ಯಾವಾಗ ಹೋಯಿತು ಎಂಬುದನ್ನು ಗಮನಿಸಿ. ಕಾರಣ ಅದರಲ್ಲೇ ಇದೆ.

ಸಾಕೆಟ್ಟಿಗೆ ಏನೂ ಸಿಕ್ಕಿಸದೆ ಇರುವಾಗಲೇ, ಕೀಲಿ ತಿರುಗಿಸಿದ ತಕ್ಷಣ ಹೋದರೆ, ಸಾಕೆಟ್ಟಿನೊಳಗೆ ಲೋಹದ ಚೂರಿದೆ, ಇಲ್ಲವೇ ಹಿಂದಿನ ವೈರು ಸವೆದು ಕಾರಿನ ಮೈಗೆ ತಾಗುತ್ತಿದೆ. ಚೂರಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನರಿಗೆ ಒಪ್ಪಿಸಿ.

ಏನೂ ಇಲ್ಲದಾಗ ಚೆನ್ನಾಗಿದ್ದು, ಒಂದು ನಿರ್ದಿಷ್ಟ ಚಾರ್ಜರು ಸಿಕ್ಕಿಸಿದ ಕೂಡಲೇ ಹೋದರೆ, ಆ ಚಾರ್ಜರು ಕೆಟ್ಟಿದೆ. ಎಸೆಯಿರಿ.

ಸಿಕ್ಕಿಸಿದ ಮೇಲೂ ಸ್ವಲ್ಪ ಹೊತ್ತು, ಇಲ್ಲವೇ ಕೆಲವು ದಿನ ನಡೆದು ಆಮೇಲೆ ಹೋದರೆ, ಭಾರ ಹೆಚ್ಚಾಗಿದೆ. ನಮ್ಮ ಸೋದರಿಯ ಮನೆಯಲ್ಲಿ ಆಗಿರುವುದು ಇದೇ ಎಂದು ಪತ್ರದಿಂದ ತೋರುತ್ತದೆ.

ಇನ್ನು ಫ್ಯೂಸು ಚೆನ್ನಾಗಿದ್ದೂ ಸಾಕೆಟ್ಟು ಸತ್ತಿದ್ದರೆ, ಒಳಗೆ ಕಿಲುಬು ಹಿಡಿದಿರಬಹುದು, ಅಥವಾ ಹಿಂಬದಿಯ ವೈರು ಕಳಚಿಕೊಂಡಿರಬಹುದು. ಮನೆಯಲ್ಲಿ ಮಲ್ಟಿಮೀಟರಿದ್ದರೆ ಡಿ.ಸಿ. 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿಯನ್ನು ನಡುವಿನ ಗುಬುಟಿಗೂ ಕಪ್ಪನ್ನು ಗೋಡೆಗೂ ತಾಗಿಸಿ ನೋಡಿ. ಎಂಜಿನ್ ಆರಿದ್ದಾಗ ಹನ್ನೆರಡೂವರೆಯ ಆಸುಪಾಸು, ಓಡುತ್ತಿರುವಾಗ ಹದಿಮೂರೂವರೆಯಿಂದ ಹದಿನಾಲ್ಕೂವರೆ ತೋರಿಸಿದರೆ ಕರೆಂಟು ಬರುತ್ತಿದೆ ಎಂದರ್ಥ. ಕಡ್ಡಿಯ ತುದಿ ಗುಬುಟಿಗೂ ಗೋಡೆಗೂ ಒಟ್ಟಿಗೆ ತಾಗಬಾರದು. ತಾಗಿದರೆ ಇನ್ನೊಂದು ಫ್ಯೂಸು ಹೋಗುತ್ತದೆ.

ಅಡಿಗೆಮನೆಯ ಲೆಕ್ಕ

ಭಾರ ಎಷ್ಟೆಂದು ತಿಳಿಯುವುದು ಮೂರನೆಯ ಕ್ಲಾಸಿನ ಭಾಗಾಕಾರ. ಯಂತ್ರದ ಹಿಂದೆ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಅದನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ.

18 ವ್ಯಾಟಿನ ಫೋನ್ ಚಾರ್ಜರು ಒಂದೂವರೆ ಆಂಪಿಯರ್. ಅದರಿಂದ ಯಾವ ಸಾಕೆಟ್ಟಿಗೂ ತೊಂದರೆಯಿಲ್ಲ. 10 ಆಂಪಿಯರ್ ಫ್ಯೂಸಿರುವ ಸಾಕೆಟ್ಟು ಒಟ್ಟು 120 ವ್ಯಾಟ್ ಹೊರುತ್ತದೆ, 15ರದು 180. ಇನ್ವರ್ಟರಿನ ಡಬ್ಬಿಯ ಮೇಲೆ 300 ಎಂದು ದಪ್ಪಕ್ಷರದಲ್ಲಿದ್ದರೂ ಸಾಕೆಟ್ಟಿನ ಶಕ್ತಿ ಹೆಚ್ಚುವುದಿಲ್ಲ. ಒಂದು ತೂತಿಗೆ ಮೂರು ತೂತಿನ ಕವಲು ಹಾಕಿದರೂ ಅಷ್ಟೇ, ಹಿಂದಿನ ವೈರು ಒಂದೇ.

ಪ್ರವಾಸದಲ್ಲಿ ಕಾರಿನಲ್ಲೇ ಕಾಫಿ ಮಾಡಿಕೊಳ್ಳೋಣವೆಂದು 12 ವೋಲ್ಟಿನ ಕೆಟಲು ಕೊಳ್ಳುವವರಿದ್ದಾರೆ. ಅರ್ಧ ಲೀಟರು ನೀರು ಕುದಿಯಲು ಮನೆಯ 1500 ವ್ಯಾಟಿನ ಕೆಟಲಿಗೆ ಎರಡು ಮೂರು ನಿಮಿಷ ಸಾಕು. ಕಾರಿನ 120 ವ್ಯಾಟಿನದಕ್ಕೆ ಒಂದಿಷ್ಟೂ ಶಾಖ ಪೋಲಾಗದಿದ್ದರೂ ಇಪ್ಪತ್ತು ನಿಮಿಷದ ಮೇಲೆ, ನಿಜಕ್ಕೂ ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಫ್ಯೂಸು ತುದಿಗಾಲಲ್ಲಿ ನಿಂತಿರುತ್ತದೆ. ಅದಕ್ಕಿಂತ ಒಂದು ಒಳ್ಳೆಯ ಫ್ಲಾಸ್ಕಿನಲ್ಲಿ ಮನೆಯಿಂದಲೇ ಬಿಸಿನೀರು ಒಯ್ಯಿರಿ. 750 ವ್ಯಾಟಿನ ಮಿಕ್ಸಿಗೆ ಅರವತ್ತು ಆಂಪಿಯರ್ ಮೇಲೆ ಬೇಕು. ಆ ಯೋಚನೆಯನ್ನೇ ಬಿಡಿ.

ಈಗ ಪತ್ರದ ಲೆಕ್ಕ. ತಮ್ಮ ನೆಬುಲೈಸರಿನ ಹಿಂದೆ 120 ವ್ಯಾಟ್ ಎಂದಿದೆ, ಫ್ಯೂಸು ಕೆಂಪು ಬಣ್ಣದ್ದು ಎಂದು ಸೋದರಿ ಬರೆದಿದ್ದಾರೆ. ಕೆಂಪೆಂದರೆ 10. ನೆಬುಲೈಸರಿಗೇ 10 ಆಂಪಿಯರ್ ಹೋಯಿತು. ಇನ್ವರ್ಟರು ತನ್ನ ಪಾಲು ಒಂದಿಷ್ಟು ತಿನ್ನುತ್ತದೆ. ಮೇಲೆ ಫೋನಿನ ಚಾರ್ಜು ಒಂದೂವರೆ. ಒಟ್ಟು ಹನ್ನೆರಡು ದಾಟಿತು. ಎಂಜಿನ್ ಓಡುವಾಗ ವೋಲ್ಟು ಸ್ವಲ್ಪ ಹೆಚ್ಚಿರುವುದರಿಂದ ಕೆಲವು ಸಲ ತಡೆದುಕೊಂಡಿತು, ಕೊನೆಗೆ ಒಂದು ದಿನ ಕರಗಿತು. ಫ್ಯೂಸು ತನ್ನ ಕೆಲಸ ಮಾಡಿದೆ. ತಂತಿ ಸುತ್ತಿದ ಮೇಲೆ ಅದೇ ಹನ್ನೆರಡು ಆಂಪಿಯರ್ ಹತ್ತಕ್ಕೆಂದು ಹಾಕಿದ ಫಿಟ್ಟಿಂಗಿನಲ್ಲಿ, ಸಡಿಲವಾದ ಪ್ಲಗ್ಗಿನ ಮೂಲಕ, ಅರ್ಧ ದಾರಿ ಹರಿದಿದೆ. ಪ್ಲಗ್ಗು ಬಿಸಿಯಾಗದೆ ಏನಾದೀತು? ಇನ್ನು ಮೇಲೆ ಒಂದು ಪಿನ್ನು ಬಿದ್ದು ಶಾರ್ಟ್ ಆದರೂ ಸಾಕು, ತಡೆಯುವವರು ಯಾರೂ ಇಲ್ಲ.

ಸೋದರಿ, ಯಜಮಾನರ ಜೊತೆ ವಾದಕ್ಕೆ ಇಳಿಯಬೇಡಿ. ಆ ಫ್ಯೂಸು, ನೆಬುಲೈಸರಿನ ಹಿಂದಿನ ಲೇಬಲ್ಲು, ಒಂದು ಕಾಗದ, ಪೆನ್ಸಿಲು ಮುಂದಿಟ್ಟು ಭಾಗಾಕಾರ ಮಾಡಿ ತೋರಿಸಿ. ಅವರ ತಾಯಿಯೇ ಆ ಕಾರಿನಲ್ಲಿ ಕೂರುವವರು. ಲೆಕ್ಕ ಕಣ್ಣಿಗೆ ಬಿದ್ದರೆ ಅವರೇ ಅಂಗಡಿಗೆ ಹೊರಡುತ್ತಾರೆ. ಸ್ನೇಹಿತರಿಗೆ ಬೇಸರವಾದೀತೆಂಬ ಸಂಕೋಚವೂ ಬೇಡ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಕಾಫಿ ಕೊಟ್ಟು ಇದನ್ನೂ ಓದಲು ಕೊಡಿ.

ಒಂದು ಮಾತು ಮುಖ್ಯ: ವಾಸನೆ ಬಂದಿರುವುದರಿಂದ ಹೊಸ ಫ್ಯೂಸು ಹಾಕುವ ಮೊದಲು ಸಾಕೆಟ್ಟನ್ನೂ ಅದರ ಹಿಂದಿನ ವೈರನ್ನೂ ಎಲೆಕ್ಟ್ರಿಷಿಯನ್ನರಿಗೆ ತೋರಿಸಲೇಬೇಕು.

ಅತ್ತೆಯವರ ಉಸಿರಿಗೆ ಏನು ದಾರಿ?

ಕಾಯಿಲೆಯವರ ಉಸಿರನ್ನು ಒಂದು ತೂತಿಗೆ ನೇತುಹಾಕಬಾರದು. ಅವರ ವೈದ್ಯರನ್ನು ಈ ಸಲ ಹೋದಾಗ ಕೇಳಿ: ಪ್ರಯಾಣಕ್ಕೆ ಇನ್‌ಹೇಲರ್ ಮತ್ತು ಅದಕ್ಕೆ ಸಿಕ್ಕಿಸುವ ಸ್ಪೇಸರ್ ಸಾಕೇ? ಅದಕ್ಕೆ ಕರೆಂಟೇ ಬೇಡ, ಕೈಚೀಲದಲ್ಲಿ ಹಿಡಿಯುತ್ತದೆ, ಅನೇಕರಿಗೆ ನೆಬುಲೈಸರಿನಷ್ಟೇ ಗುಣ ಕೊಡುತ್ತದೆ. ನೆಬುಲೈಸರೇ ಬೇಕೆಂದರೆ ಬ್ಯಾಟರಿಯಿಂದ ನಡೆಯುವ ಪುಟ್ಟ ಬಗೆಯವು ಬಂದಿವೆ, ನೇರವಾಗಿ 12 ವೋಲ್ಟಿಗೆ ಹಾಕುವವೂ ಇವೆ. ಯಾವುದು ತಕ್ಕದ್ದೆಂದು ವೈದ್ಯರೇ ಹೇಳಲಿ. ಹೊರಡುವ ಹಿಂದಿನ ರಾತ್ರಿ ಬ್ಯಾಟರಿ ಚಾರ್ಜು ಮಾಡಿ, ಒಂದು ಸಲ ನಡೆಸಿ ನೋಡಿ ಚೀಲಕ್ಕೆ ಹಾಕಿ.

ಕಾರು ನಿಲ್ಲಿಸಿ ಯಂತ್ರ ನಡೆಸುವಾಗ ಎರಡು ಎಚ್ಚರಿಕೆ. ಎಂಜಿನ್ ಆರಿಸಿ ಬಹಳ ಹೊತ್ತು ನಡೆಸಿದರೆ ಬ್ಯಾಟರಿ ಬತ್ತುತ್ತದೆ. ಸಣ್ಣ ಕಾರಿನ ಬ್ಯಾಟರಿಯಿಂದ 10 ಆಂಪಿಯರಿನಂತೆ ಎರಡು ಗಂಟೆ ಎಳೆದರೆ ಮತ್ತೆ ಸ್ಟಾರ್ಟ್ ಆಗದಿರಬಹುದು. ಎಂಜಿನ್ ನಡೆಸಿಡುವುದಾದರೆ ಬಯಲಿನಲ್ಲಿ ಮಾತ್ರ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನಿನ ಹೊಗೆ ಎಲ್ಲರಿಗೂ ವಿಷ. ಉಸಿರು ತೀರ ಕಟ್ಟಿ, ಮಾತಾಡಲಾಗದೆ, ತುಟಿ ನೀಲಿಯಾಗುತ್ತಿದ್ದರೆ ಇನ್ನು ಯಂತ್ರದ ಮಾತೇ ಬೇಡ. 108ಕ್ಕೆ ಫೋನು ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ನುಗ್ಗಿ. ಆ ಒಂದು ಫೋನಿಗೆ ಚಾರ್ಜು ಇರಲೇಬೇಕಾದ್ದರಿಂದ, ಮನೆಯಲ್ಲೇ ತುಂಬಿಸಿದ ಪವರ್ ಬ್ಯಾಂಕು ಒಂದು ಚೀಲದಲ್ಲಿರಲಿ.

ಆಯುಧಪೂಜೆಯ ನಂತರದ ಕಾಯಿಲೆ

ನವರಾತ್ರಿ ಮುಗಿದ ವಾರ ಸಾಕೆಟ್ಟು ನಿಂತರೆ ಆಶ್ಚರ್ಯಪಡಬೇಡಿ. ಆಯುಧಪೂಜೆಗೆ ಕಾರಿನ ಒಳಗೂ ಹೊರಗೂ ಪೈಪು ಹಿಡಿದು ತೊಳೆಯುತ್ತೇವೆ. ಡ್ಯಾಶ್‌ಬೋರ್ಡಿಗೆ ಅರಿಶಿನ ಕುಂಕುಮ, ಹೂವು, ದಕ್ಷಿಣೆಯ ನಾಣ್ಯ. ಅಗರಬತ್ತಿ ಸಿಕ್ಕಿಸಲು ಅನುಕೂಲವಾದ ತೂತೆಂದು ಕೆಲವರು ಸಾಕೆಟ್ಟಿಗೇ ಸಿಕ್ಕಿಸುತ್ತಾರೆ! ಒದ್ದೆಯ ಮೇಲೆ ಬೂದಿ, ಕುಂಕುಮ ಕೂತರೆ ಹದಿನೈದು ದಿನದಲ್ಲಿ ಕಿಲುಬು. ಪೂಜೆಯ ಮೊದಲು ಸಾಕೆಟ್ಟಿನ ಮುಚ್ಚಳ ಹಾಕಿ. ಮುಚ್ಚಳ ಕಳೆದಿದ್ದರೆ ಅಂಟುಪಟ್ಟಿ ಅಂಟಿಸಿ. ಅಗರಬತ್ತಿಗೆ ಬಾಳೆಹಣ್ಣೇ ಸರಿ.

ಕಿಲುಬು ತೆಗೆಯಲು ಫ್ಯೂಸು ಕಿತ್ತಿಟ್ಟು, ಮರದ ಕಡ್ಡಿಗೆ ಒಣ ಬಟ್ಟೆ ಸುತ್ತಿ ಒರೆಸಿ. ಹೋಗದಿದ್ದರೆ ನುಣುಪಾದ ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಹೊರಗೆ ತೆಗೆಯಿರಿ. ಹಿತ್ತಾಳೆ ತಿಕ್ಕುವ ಹುಣಸೆಹಣ್ಣು, ನಿಂಬೆಹಣ್ಣು ಇಲ್ಲಿ ಬೇಡ. ಆ ಹುಳಿ ಒಳಗೆ ಉಳಿದರೆ ಮತ್ತಷ್ಟು ತಿನ್ನುತ್ತದೆ. ಎಣ್ಣೆಯೂ ಬೇಡ.

ಎಲೆಕ್ಟ್ರಿಷಿಯನ್ನರ ಮುಂದೆ

ಸಾಕೆಟ್ಟಿನ ಹಿಂಬದಿ ಬಿಚ್ಚುವ ಕೆಲಸ ನಮ್ಮದಲ್ಲ. ಈಗಿನ ಕಾರುಗಳಲ್ಲಿ ಏರ್‌ಬ್ಯಾಗಿನ ವೈರು ಆ ಆಸುಪಾಸಿನಲ್ಲೇ ಹೋಗಿರುತ್ತದೆ, ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅದನ್ನು ಅರಿಯದವರು ಮುಟ್ಟಬಾರದು.

ಆದರೆ ಅಂಗಡಿಯಲ್ಲಿ ಬಾಯಿಮುಚ್ಚಿ ಕೂರಬೇಕಿಲ್ಲ. ಫ್ಯೂಸು ಎಷ್ಟರದು, ಯಾವಾಗ ಹೋಯಿತು, ಏನು ಸಿಕ್ಕಿಸಿದ್ದಿರಿ, ಬೇರೆ ಚಾರ್ಜರು ಹಾಕಿ ನೋಡಿದ್ದೀರಿ, ಇಷ್ಟನ್ನು ಹೇಳಿದರೆ ಅವರ ಅರ್ಧ ಕೆಲಸ ಮುಗಿಯಿತು. "ಇಡೀ ವೈರಿಂಗ್ ಬದಲಾಯಿಸಬೇಕು" ಎಂದರೆ, ಯಾವ ವೈರು ಸುಟ್ಟಿದೆ ತೋರಿಸಿ ಎಂದು ಮರ್ಯಾದೆಯಿಂದ ಕೇಳಿ. ತೆಗೆದ ಹಳೆಯ ಸಾಮಾನು ವಾಪಸು ಕೇಳಿ. ಕೆಲಸ ಮುಗಿದ ಮೇಲೆ ಫ್ಯೂಸಿನ ಪೆಟ್ಟಿಗೆ ತೆಗೆಸಿ, ಒಳಗೆ ಕೂತಿರುವ ಬಣ್ಣ ಯಾವುದೆಂದು ನಿಮ್ಮ ಕಣ್ಣಿನಿಂದಲೇ ನೋಡಿ ಬನ್ನಿ.

ನೆನಪಿಡಿ

ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಅಂಕಿಯ, ಅದೇ ಬಣ್ಣದ ಫ್ಯೂಸು. ತಂತಿ, ಬೆಳ್ಳಿ ಕಾಗದ, ಪಿನ್ನು ಯಾವುದೂ ಕೂಡದು.

ಎರಡು ಸಲ ಅದೇ ಫ್ಯೂಸು ಹೋದರೆ ಮೂರನೆಯದನ್ನು ಹಾಕುವ ಮೊದಲು ಕಾರಣ ಹುಡುಕಿಸಿ.

ಕೈ ಸುಡುವ ಪ್ಲಗ್ಗನ್ನು ಕೂಡಲೇ ಕಿತ್ತುಬಿಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸಾಕೆಟ್ಟಿಗೆ ಮುಚ್ಚಳ ಸದಾ ಇರಲಿ.

ಓಡುವ ಕಾರಿನಲ್ಲಿ ಸುಟ್ಟ ವಾಸನೆ, ಹೊಗೆ ಕಂಡರೆ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮೊದಲು ಮಕ್ಕಳನ್ನೂ ಹಿರಿಯರನ್ನೂ ಇಳಿಸಿ ದೂರ ಹೋಗಿ 112ಕ್ಕೆ ಫೋನು ಮಾಡಿ. ಸಾಮಾನು ತರಲು ಹಿಂದಿರುಗಬೇಡಿ.

ಮಲೆನಾಡಿನ ಸೋದರಿ, ಅತ್ತೆಯವರ ಆರೋಗ್ಯ ಹೇಗಿದೆಯೆಂದು ಮರೆಯದೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ, ಬಹಳ ಜನ ಕೇಳಿರುವ ಮಿಕ್ಸಿಯ ಕೆಳಗಿನ ಕೆಂಪು ಗುಂಡಿಯ ವಿಷಯ. ಅದೂ ಈ ಫ್ಯೂಸಿನ ಸಂಬಂಧಿಯೇ!